ಹಣ ಕೇಳದ ಡಿಶ್‌ಗೆ ಚಿತ್ರ ಎಲ್ಲಿಂದ ಬರುತ್ತದೆ?

ಮಕ್ಕಳೇ, ನಿಮ್ಮ ಊರಿನ ಮಾಳಿಗೆಗಳ ಮೇಲೆ, ಹೆಂಚಿನ ಮನೆಗಳ ಪಕ್ಕದಲ್ಲಿ, ಕೆಲವು ಕಡೆ ದನದ ಕೊಟ್ಟಿಗೆಯ ಗೋಡೆಗೂ ತಗುಲಿಕೊಂಡು ನಿಂತಿರುವ ಡಿಶ್‌ಗಳನ್ನು ನೀವು ನೋಡಿದ್ದೀರಲ್ಲವೇ? ನಾಳೆ ಶಾಲೆಗೆ ಬರುವಾಗ ಒಂದು ಕೆಲಸ ಮಾಡಿ. ದಾರಿಯಲ್ಲಿ ಸಿಗುವ ಡಿಶ್‌ಗಳೆಲ್ಲ ಯಾವ ದಿಕ್ಕಿಗೆ ಮುಖ ಮಾಡಿವೆ ಎಂದು ಗಮನಿಸಿ. ಮನೆಯ ಬಾಗಿಲು ಯಾವ ಕಡೆಗಾದರೂ ಇರಲಿ, ಡಿಶ್ ಮಾತ್ರ ಪೂರ್ವಕ್ಕೂ ದಕ್ಷಿಣಕ್ಕೂ ನಡುವಿನ ಆಗ್ನೇಯ ದಿಕ್ಕನ್ನೇ ಹೆಚ್ಚುಕಡಿಮೆ ನೋಡುತ್ತಿರುತ್ತದೆ. ಇಡೀ ಊರೇ ಆಕಾಶದ ಒಂದು ಮೂಲೆಯನ್ನು ದಿಟ್ಟಿಸುತ್ತಿರುವಂತೆ ಕಾಣುತ್ತದೆ. ಆದರೆ ನಾವು ಕತ್ತೆತ್ತಿ ನೋಡಿದರೆ ಅಲ್ಲಿ ಏನೂ ಕಾಣುವುದಿಲ್ಲ!

ಈ ಡಿಶ್‌ಗಳಲ್ಲಿ ಎರಡು ಬಗೆ. ಒಂದಕ್ಕೆ ತಿಂಗಳು ತಿಂಗಳು ಹಣ ಕಟ್ಟಬೇಕು, ಕಟ್ಟದಿದ್ದರೆ ಚಿತ್ರ ನಿಂತುಹೋಗುತ್ತದೆ. ಇನ್ನೊಂದಕ್ಕೆ ಡಿಶ್ ಮತ್ತು ಸೆಟ್‌ಟಾಪ್ ಬಾಕ್ಸ್ ಕೊಂಡ ಹಣ ಬಿಟ್ಟರೆ ಮತ್ತೆ ಏನೂ ಕೊಡಬೇಕಾಗಿಲ್ಲ. ಅದು ದೂರದರ್ಶನದ ಡಿಡಿ ಫ್ರೀ ಡಿಶ್. ದೇಶದಲ್ಲಿ ಇಂದು 4 ಕೋಟಿಗೂ ಹೆಚ್ಚು ಮನೆಗಳಲ್ಲಿ ಇದು ಇದೆ ಎಂಬ ಅಂದಾಜಿದೆ. ಇದು ಹೇಗೆ ಆರಂಭವಾಯಿತು, ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಈಗ ನೋಡೋಣ.

ಗೋಪುರಕ್ಕೆ ಎಟುಕದ ಊರುಗಳು

ನಮ್ಮ ದೇಶದಲ್ಲಿ ದೂರದರ್ಶನದ ಪ್ರಾಯೋಗಿಕ ಪ್ರಸಾರ 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಆರಂಭವಾಯಿತು. ಎತ್ತರದ ಗೋಪುರವೊಂದರಿಂದ ಸಂಕೇತಗಳನ್ನು ಸುತ್ತಲೂ ಹರಡುವುದು ಆಗಿನ ಕ್ರಮ. ನಿಮ್ಮ ಅಜ್ಜ ಅಜ್ಜಿಯನ್ನು ಕೇಳಿ. ಮೀನಿನ ಮುಳ್ಳಿನಂತಹ ಅಲ್ಯೂಮಿನಿಯಂ ಆಂಟೆನಾವನ್ನು ಒಬ್ಬರು ಮಾಳಿಗೆ ಹತ್ತಿ ತಿರುಗಿಸುವುದು, ಇನ್ನೊಬ್ಬರು ಒಳಗಿನಿಂದ "ಬಂತು, ಬಂತು! ಅಯ್ಯೋ, ಹೋಯ್ತು!" ಎಂದು ಕೂಗುವುದು ಅವರಿಗೆ ಚೆನ್ನಾಗಿ ನೆನಪಿರುತ್ತದೆ.

ಈ ಕ್ರಮದಲ್ಲಿ ಒಂದು ತೊಡಕಿತ್ತು. ದೂರದರ್ಶನದ ತರಂಗಗಳು ಬೆಳಕಿನಂತೆ ಬಹುಮಟ್ಟಿಗೆ ನೇರವಾಗಿಯೇ ಸಾಗುತ್ತವೆ. ಭೂಮಿಯೋ ಗುಂಡಗಿದೆ. ಆದ್ದರಿಂದ ಗೋಪುರದಿಂದ ಕೆಲವು ಹತ್ತು ಕಿಲೋಮೀಟರ್ ದಾಟಿದರೆ ಸಂಕೇತ ನೆಲ ಬಿಟ್ಟು ಮೇಲೆ ಹೋಗಿಬಿಡುತ್ತದೆ. ನಡುವೆ ಬೆಟ್ಟವಿದ್ದರಂತೂ ಮುಗಿಯಿತು. ಮಲೆನಾಡಿನ ಎಷ್ಟೋ ಊರುಗಳು ಹೀಗೆ ಬೆಟ್ಟದ 'ನೆರಳಿನಲ್ಲಿ' ಉಳಿದಿದ್ದವು. ಪ್ರತಿ ಊರಿಗೊಂದು ಗೋಪುರ ಕಟ್ಟಲು ಸಾಧ್ಯವೇ? ಹಾಗಾದರೆ, ಭಾರತಕ್ಕೆಲ್ಲ ಕಾಣುವಷ್ಟು ಎತ್ತರದ ಒಂದೇ ಗೋಪುರ ಇದ್ದರೆ?

ಅಷ್ಟು ಎತ್ತರದ ಗೋಪುರವನ್ನು ನೆಲದ ಮೇಲೆ ಕಟ್ಟಲಾಗದು. ಆಕಾಶದಲ್ಲಿ ಇಡಬಹುದು.

ನಿಂತಂತೆ ಕಾಣುವ ಉಪಗ್ರಹ

ಚಂದ್ರ ನಮ್ಮಿಂದ ಸುಮಾರು 3,84,000 ಕಿಲೋಮೀಟರ್ ದೂರದಲ್ಲಿದ್ದಾನೆ. ಭೂಮಿಯನ್ನು ಸುತ್ತಲು ಅವನಿಗೆ 27 ದಿನಗಳಿಗೂ ಹೆಚ್ಚು ಬೇಕು. ಕೆಲವು ನೂರು ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹವಾದರೋ ಒಂದೂವರೆ ಗಂಟೆಯಲ್ಲಿ ಒಂದು ಸುತ್ತು ಮುಗಿಸುತ್ತದೆ. ದೂರ ಹೆಚ್ಚಾದಂತೆ ಸುತ್ತಲು ಹಿಡಿಯುವ ಕಾಲವೂ ಹೆಚ್ಚುತ್ತದೆ. ಹಾಗಿದ್ದ ಮೇಲೆ ಇವೆರಡರ ನಡುವೆ ಎಲ್ಲೋ ಒಂದು ಕಡೆ ಸರಿಯಾಗಿ ಒಂದು ದಿನಕ್ಕೆ ಒಂದು ಸುತ್ತು ಬರುವ ಎತ್ತರ ಇರಲೇಬೇಕಲ್ಲವೇ? ಇದೆ. ಸಮಭಾಜಕ ವೃತ್ತದಿಂದ ಮೇಲಕ್ಕೆ ಸುಮಾರು 35,786 ಕಿಲೋಮೀಟರ್. ಇದನ್ನು ಭೂಸ್ಥಿರ ಕಕ್ಷೆ ಎನ್ನುತ್ತೇವೆ.

ಆಟದ ಬಯಲಿನಲ್ಲಿ ನೀವು ನಿಂತಲ್ಲೇ ನಿಧಾನವಾಗಿ ಗಿರಕಿ ತಿರುಗಿ. ನಿಮ್ಮ ಗೆಳೆಯ ನಿಮ್ಮ ಸುತ್ತ ದೊಡ್ಡ ವೃತ್ತದಲ್ಲಿ ಓಡಲಿ. ನೀವು ಒಂದು ಸುತ್ತು ತಿರುಗುವಷ್ಟರಲ್ಲಿ ಅವನೂ ಒಂದು ಸುತ್ತು ಓಡಿದರೆ, ಅವನು ಸದಾ ನಿಮ್ಮ ಮೂಗಿನ ನೇರಕ್ಕೇ ಇರುತ್ತಾನೆ. ಉಪಗ್ರಹದ ಗುಟ್ಟೂ ಇಷ್ಟೇ. ಅದು ಗಂಟೆಗೆ ಸುಮಾರು 11,000 ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದರೂ, ಭೂಮಿಯೊಂದಿಗೆ ತಿರುಗುತ್ತಿರುವ ನಮಗೆ ನಿಂತಂತೆ ಕಾಣುತ್ತದೆ. ಅದಕ್ಕೇ ಡಿಶ್ಶನ್ನು ಒಮ್ಮೆ ತಿರುಗಿಸಿ ಬೋಲ್ಟು ಬಿಗಿದರೆ ಸಾಕು.

ಇಂತಹ ಕಕ್ಷೆಯಿಂದ ಪ್ರಪಂಚಕ್ಕೆಲ್ಲ ಪ್ರಸಾರ ಮಾಡಬಹುದೆಂದು 1945ರಲ್ಲಿ ಲೇಖನ ಬರೆದವರು ಆರ್ಥರ್ ಸಿ. ಕ್ಲಾರ್ಕ್. ಆಗ ಇನ್ನೂ ಒಂದು ಕೃತಕ ಉಪಗ್ರಹವೂ ಹಾರಿರಲಿಲ್ಲ. ಮುಂದೆ ಅವರು ಶ್ರೀಲಂಕಾದಲ್ಲಿ ನೆಲೆಸಿದರು. ಭಾರತದಲ್ಲಿ ಉಪಗ್ರಹ ಪ್ರಸಾರದ ಪ್ರಯೋಗ ನಡೆದಾಗ ನಮ್ಮ ಇಸ್ರೋ ಎಂಜಿನಿಯರುಗಳು ಅವರ ಮನೆಗೂ ಹೋಗಿ ಒಂದು ದೊಡ್ಡ ಡಿಶ್ ಹಾಕಿಕೊಟ್ಟು ಬಂದರಂತೆ!

ಕೋಳಿ ಜಾಲರಿಯ ಡಿಶ್

ಆ ಪ್ರಯೋಗದ ಹೆಸರು 'ಸೈಟ್'. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ ನಡೆಯಿತು. ಅಮೆರಿಕದ ನಾಸಾ ಸಂಸ್ಥೆ ಎಟಿಎಸ್-6 ಎಂಬ ತನ್ನ ಉಪಗ್ರಹವನ್ನು ಭಾರತಕ್ಕೆ ಕಾಣುವಂತೆ ಸರಿಸಿಕೊಟ್ಟಿತು. 6 ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟಿವಿ ಇಡಲಾಯಿತು. ಕರ್ನಾಟಕದ ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದವು. ಡಿಶ್‌ಗಳು 3 ಮೀಟರ್ ಅಗಲ. ಕೋಳಿಗೂಡಿಗೆ ಬಳಸುವ ತಂತಿ ಜಾಲರಿಯಿಂದ ಅವನ್ನು ಮಾಡಿದ್ದರು. ಜಾಲರಿಯ ತೂತುಗಳಲ್ಲಿ ಸಂಕೇತ ಸೋರಿಹೋಗುವುದಿಲ್ಲವೇ ಎಂದು ಕೇಳುತ್ತೀರಾ? ಆ ತರಂಗಗಳ ತರಂಗದೂರ ಸುಮಾರು 35 ಸೆಂಟಿಮೀಟರ್. ಅದಕ್ಕಿಂತ ತುಂಬ ಚಿಕ್ಕದಾದ ತೂತು ತರಂಗಕ್ಕೆ ತೂತೇ ಅಲ್ಲ, ಗೋಡೆಯಂತೆಯೇ ಸರಿ.

ಬೆಳಿಗ್ಗೆ ಒಂದೂವರೆ ಗಂಟೆ ಶಾಲೆಯ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ಊರಿನವರಿಗೆಲ್ಲ ಕಾರ್ಯಕ್ರಮ. ಬೇಸಾಯ, ಆರೋಗ್ಯ, ವಿಜ್ಞಾನ ಇವೆಲ್ಲ ಅವರವರ ಭಾಷೆಯಲ್ಲಿಯೇ ಬರುತ್ತಿದ್ದವು. ವರ್ಷ ಮುಗಿದ ಕೂಡಲೇ ಉಪಗ್ರಹವನ್ನು ಅಮೆರಿಕ ಮರಳಿ ಪಡೆಯಿತು. ಪರರ ಉಪಗ್ರಹವನ್ನು ನಂಬಿಕೊಂಡರೆ ಎಷ್ಟು ದಿನ? ನಮ್ಮದೇ ಆದ ಇನ್ಸಾಟ್ ಉಪಗ್ರಹಗಳು ಬರಬೇಕಾಯಿತು. 1983ರಲ್ಲಿ ಇನ್ಸಾಟ್-1ಬಿ ಕೆಲಸ ಆರಂಭಿಸಿದ ಮೇಲೆ ಅದರ ಸಂಕೇತವನ್ನು ಹಿಡಿದು ಮತ್ತೆ ಹರಡುವ ಸಣ್ಣ ಗೋಪುರಗಳು ಊರೂರಿಗೆ ಬಂದವು. ಆದರೂ ಗೋಪುರದ ನೆರಳು ತಪ್ಪಿರಲಿಲ್ಲ.

2004ರ ಡಿಸೆಂಬರ್ 16

ಅಂದು ಪ್ರಧಾನಿ ಮನಮೋಹನ ಸಿಂಗ್ ಅವರು 'ಡಿಡಿ ಡೈರೆಕ್ಟ್ ಪ್ಲಸ್' ಸೇವೆಯನ್ನು ಉದ್ಘಾಟಿಸಿದರು. ನಡುವೆ ಗೋಪುರವೂ ಇಲ್ಲ, ಕೇಬಲ್ಲೂ ಇಲ್ಲ. ಉಪಗ್ರಹದಿಂದ ನೇರವಾಗಿ ಮನೆಯ ಡಿಶ್‌ಗೆ. ಮೊದಲ ದಿನ ಇದ್ದದ್ದು 33 ವಾಹಿನಿಗಳು. ಆಗ ಬಳಸಿದ್ದು ಬಾಡಿಗೆಗೆ ಪಡೆದ ಎನ್‌ಎಸ್‌ಎಸ್-6 ಎಂಬ ವಿದೇಶಿ ಉಪಗ್ರಹ. ಅದು ಪೂರ್ವ ರೇಖಾಂಶ 95 ಡಿಗ್ರಿಯಲ್ಲಿತ್ತು.

2007ರ ಮಾರ್ಚ್ 12ರಂದು ನಮ್ಮ ಇನ್ಸಾಟ್-4ಬಿ ಮೇಲೇರಿತು. ಸುಮಾರು 3,000 ಕಿಲೋಗ್ರಾಂ ತೂಕದ ಅದನ್ನು ಅಷ್ಟು ಎತ್ತರದ ಹಾದಿಗೆ ಏರಿಸುವ ಶಕ್ತಿ ಆಗಿನ ನಮ್ಮ ರಾಕೆಟ್‌ಗಳಿಗೆ ಇರಲಿಲ್ಲ. ಆದ್ದರಿಂದ ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಲ್ಲಿರುವ ಕೌರು ಎಂಬಲ್ಲಿಂದ ಏರಿಯಾನ್-5 ರಾಕೆಟ್ ಅದನ್ನು ಒಯ್ದಿತು. ಇನ್ಸಾಟ್-4ಬಿ ನಿಂತದ್ದು 93.5 ಡಿಗ್ರಿಯಲ್ಲಿ. ಒಂದೂವರೆ ಡಿಗ್ರಿ ವ್ಯತ್ಯಾಸವೆಂದರೆ ಏನು ಮಹಾ ಎನ್ನಬೇಡಿ. ಸಣ್ಣ ಡಿಶ್‌ನ ದೃಷ್ಟಿ ಮೂರು ಡಿಗ್ರಿಯಷ್ಟೇ ಅಗಲ. ಪ್ರಸಾರ ಹೊಸ ಉಪಗ್ರಹಕ್ಕೆ ಬದಲಾದಾಗ ಮನೆಮನೆಯ ಡಿಶ್ಶನ್ನೂ ಕೊಂಚ ದಕ್ಷಿಣಕ್ಕೆ ಸರಿಸಬೇಕಾಯಿತು.

2010ರ ಜುಲೈನಲ್ಲಿ ಇನ್ಸಾಟ್-4ಬಿಯ ಸೌರಫಲಕಗಳ ವಿದ್ಯುತ್ ಪೂರೈಕೆಯಲ್ಲಿ ತೊಂದರೆಯಾಗಿ ಅದರ ಅರ್ಧದಷ್ಟು ಪ್ರಸಾರ ಸಾಮರ್ಥ್ಯ ನಿಂತುಹೋಯಿತು. ಅಷ್ಟು ಎತ್ತರಕ್ಕೆ ರಿಪೇರಿಯವರನ್ನು ಕಳುಹಿಸಲಾಗುವುದಿಲ್ಲ. ಉಳಿದುದರಲ್ಲೇ ಸಂಸಾರ ಸಾಗಿಸಬೇಕು. 2015ರ ನವೆಂಬರ್ 11ರಂದು ಜಿಸ್ಯಾಟ್-15 ಹೋಯಿತು. ಈ ಬಾರಿ ಜಾಣತನದಿಂದ ಅದನ್ನು ಅದೇ 93.5 ಡಿಗ್ರಿಯಲ್ಲಿ ನಿಲ್ಲಿಸಿದರು. ಹೊಸ ಉಪಗ್ರಹಕ್ಕೆ ಬದಲಾದಾಗ ಯಾರೂ ಮಾಳಿಗೆ ಹತ್ತಿ ಡಿಶ್ ತಿರುಗಿಸಬೇಕಾಗಲಿಲ್ಲ. ಅಷ್ಟರಲ್ಲಿ, 2014ರಲ್ಲಿ, ಸೇವೆಯ ಹೆಸರೂ 'ಡಿಡಿ ಫ್ರೀ ಡಿಶ್' ಎಂದಾಗಿತ್ತು. ವಾಹಿನಿಗಳ ಸಂಖ್ಯೆ ಮುಂದೆ ನೂರನ್ನು ದಾಟಿತು.

ಒಂದು ಪಾಠದ ಪ್ರಯಾಣ

ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿದ್ದವು. 2021ರಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಬಂದವು. ನಿಮ್ಮ ಅಕ್ಕ ಅಣ್ಣಂದಿರು ನೋಡಿರುತ್ತಾರೆ, ಕೇಳಿ. ಮೊಬೈಲಿಗೆ ನೆಟ್‌ವರ್ಕ್ ಹುಡುಕುತ್ತ ಗುಡ್ಡ ಹತ್ತಿದವರಿದ್ದರು. ಮನೆಯಲ್ಲಿ ಒಂದೇ ಮೊಬೈಲಿದ್ದು, ಅದೂ ಅಪ್ಪನ ಜೊತೆ ಕೆಲಸಕ್ಕೆ ಹೋಗಿಬಿಡುತ್ತಿದ್ದ ಮನೆಗಳಿದ್ದವು. ಅಂತಹ ಕಡೆ ಹಣ ಕೇಳದ ಡಿಶ್ ಒಂದೇ ಶಾಲೆಯಾಗಿತ್ತು ಎಂದರೆ ತಪ್ಪಲ್ಲ. ಟಿವಿಯೂ ಇಲ್ಲದ ಮನೆಗಳಿಗೆ ಅದೂ ದಕ್ಕಲಿಲ್ಲ ಎಂಬುದನ್ನೂ ಮರೆಯಬಾರದು.

ಆ ಪಾಠದ ದಾರಿ ಹೀಗಿದೆ. ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ದೂರದರ್ಶನ ಕೇಂದ್ರದಿಂದ ಚಂದನದ ಸಂಕೇತ ಒಂದು ಉಪಗ್ರಹಕ್ಕೆ ಏರುತ್ತದೆ. ಅಲ್ಲಿಂದ ಇಳಿದು ದೆಹಲಿಯ ತೋಡಾಪುರದಲ್ಲಿರುವ ಭೂಕೇಂದ್ರಕ್ಕೆ ಬರುತ್ತದೆ. ಅಲ್ಲಿ ಇದನ್ನು ಬೇರೆ ವಾಹಿನಿಗಳ ಜೊತೆ ಸೇರಿಸಿ, ದೊಡ್ಡ ಡಿಶ್‌ಗಳಿಂದ ಜಿಸ್ಯಾಟ್-15ಕ್ಕೆ ಏರಿಸುತ್ತಾರೆ. ಅದು ಮತ್ತೆ ಇಳಿದು ನಿಮ್ಮ ಮಾಳಿಗೆಗೆ ಬರುತ್ತದೆ. ಎರಡು ಸಲ ಮೇಲೆ, ಎರಡು ಸಲ ಕೆಳಗೆ. ಒಟ್ಟು ಸುಮಾರು 1,45,000 ಕಿಲೋಮೀಟರ್! ಬೆಂಗಳೂರಿನ ಮೇಷ್ಟ್ರು ಹೇಳಿದ ಮಾತು ಪಕ್ಕದ ಕೋಲಾರಕ್ಕೆ ಬರಬೇಕಾದರೂ ಇಷ್ಟು ದೂರ ಸುತ್ತಬೇಕು. ಬೆಳಕಿನ ವೇಗದಲ್ಲಿ ಇದಕ್ಕೆ ಹಿಡಿಯುವುದು ಅರ್ಧ ಸೆಕೆಂಡು ಮಾತ್ರ.

ತೋಡಾಪುರದಲ್ಲಿ ಇನ್ನೊಂದು ಸ್ವಾರಸ್ಯದ ಕೆಲಸ ನಡೆಯುತ್ತದೆ. ಸಾಮಾನ್ಯ ಟಿವಿ ಚಿತ್ರ 720 ಸಾಲು, 576 ಸಾಲು ಚುಕ್ಕಿಗಳ ರಂಗೋಲಿ. ಅಂದರೆ ಒಂದು ಚಿತ್ರಕ್ಕೆ 4 ಲಕ್ಷಕ್ಕೂ ಹೆಚ್ಚು ಚುಕ್ಕಿ, ಸೆಕೆಂಡಿಗೆ 25 ಚಿತ್ರ. ಪ್ರತಿ ಚುಕ್ಕಿಯ ಬಣ್ಣ, ಹೊಳಪನ್ನೆಲ್ಲ ಸೊನ್ನೆ ಮತ್ತು ಒಂದುಗಳಲ್ಲಿ ಬರೆದರೆ ಸೆಕೆಂಡಿಗೆ 16 ಕೋಟಿಗೂ ಹೆಚ್ಚು ಅಂಕಿಗಳಾಗುತ್ತವೆ. ಇಷ್ಟನ್ನೂ ಕಳುಹಿಸಲು ಹೋದರೆ ಕೆಲವೇ ವಾಹಿನಿಗಳಿಗೆ ಉಪಗ್ರಹ ತುಂಬಿಹೋಗುತ್ತದೆ. ಅದಕ್ಕೆ ಉಪಾಯವೇನು? ಮೇಷ್ಟ್ರು ಪಾಠ ಮಾಡುವಾಗ ಕೈ ಅಲುಗುತ್ತದೆ, ತುಟಿ ಅಲುಗುತ್ತದೆ. ಕಪ್ಪು ಹಲಗೆ ಹಾಗೆಯೇ ಇರುತ್ತದೆ. ಪ್ರತಿ ಚಿತ್ರಕ್ಕೂ ಹಲಗೆಯನ್ನು ಮತ್ತೆ ಮತ್ತೆ ಕಳುಹಿಸುವುದೇಕೆ? ಬದಲಾದ ಭಾಗವನ್ನಷ್ಟೇ ಕಳುಹಿಸಿ, ಉಳಿದದ್ದನ್ನು ಹಿಂದಿನ ಚಿತ್ರದಿಂದ ತೆಗೆದುಕೊ ಎಂದು ಸೆಟ್‌ಟಾಪ್ ಬಾಕ್ಸಿಗೆ ಹೇಳಿದರಾಯಿತು. ಹೀಗೆ ಅದುಮಿದಾಗ 16 ಕೋಟಿ ಅಂಕಿಗಳು ಕೆಲವು ಹತ್ತು ಲಕ್ಷಗಳಿಗೆ ಇಳಿಯುತ್ತವೆ. ಮಳೆ ಬಂದಾಗ ಚಿತ್ರ ಚೌಕ ಚೌಕವಾಗಿ ಒಡೆಯುವುದನ್ನು ನೋಡಿದ್ದೀರಲ್ಲ, ಆ ಚೌಕಗಳು ಈ ಲೆಕ್ಕಾಚಾರದ ತುಂಡುಗಳೇ.

ಎರಡು ಫ್ಯಾನಿನ ಶಕ್ತಿ

ಉಪಗ್ರಹದಲ್ಲಿ ಸಂಕೇತವನ್ನು ಪಡೆದು, ಬಲಪಡಿಸಿ, ಮರಳಿ ಕಳುಹಿಸುವ ಭಾಗಕ್ಕೆ ಟ್ರಾನ್ಸ್‌ಪಾಂಡರ್ ಎಂದು ಹೆಸರು. ಭೂಮಿಯಿಂದ ಏರುವ ಸಂಕೇತದ ಆವೃತ್ತಿ ಸುಮಾರು 14 ಗಿಗಾಹರ್ಟ್ಸ್, ಇಳಿಯುವುದು ಸುಮಾರು 11. ಎರಡೂ ಒಂದೇ ಆದರೆ ಉಪಗ್ರಹಕ್ಕೆ ತನ್ನ ಕೂಗೇ ಕೇಳಿ, ನೆಲದಿಂದ ಬರುವ ಸಣ್ಣ ದನಿ ಮುಚ್ಚಿಹೋಗುತ್ತದೆ.

ಇನ್ಸಾಟ್-4ಬಿಯ ಇಂತಹ ಒಂದು ಟ್ರಾನ್ಸ್‌ಪಾಂಡರಿನ ಪ್ರಸಾರ ಶಕ್ತಿ 140 ವ್ಯಾಟ್. ಹೆಚ್ಚುಕಡಿಮೆ ಎರಡು ಸೀಲಿಂಗ್ ಫ್ಯಾನಿಗೆ ಬೇಕಾಗುವಷ್ಟು! ಇದು ಇಡೀ ದೇಶದ ಮೇಲೆ ಹರಡಿ ನಿಮ್ಮ 60 ಸೆಂಟಿಮೀಟರ್ ಡಿಶ್‌ಗೆ ಬೀಳುವ ಪಾಲು ಎಷ್ಟು ಗೊತ್ತೆ? ಒಂದು ವ್ಯಾಟನ್ನು ಹತ್ತು ಸಾವಿರ ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗದ ಆಸುಪಾಸು. ಇಷ್ಟರಲ್ಲೇ ಚಿತ್ರವೂ ಇದೆ, ಮಾತೂ ಇದೆ.

ಡಿಶ್ ಬೇಕಾಗುವುದು ಇದಕ್ಕೇ. ಅದರ ಮೈ ಪರವಲಯದ ಆಕಾರದಲ್ಲಿದೆ. ನಿಮ್ನ ದರ್ಪಣ ಸೂರ್ಯನ ಬೆಳಕನ್ನು ಒಂದು ಬಿಂದುವಿಗೆ ತರುವಂತೆ, ಡಿಶ್ ತನ್ನ ಮೇಲೆ ಬಿದ್ದ ತರಂಗಗಳನ್ನೆಲ್ಲ ಮುಂದೆ ಚಾಚಿದ ತೋಳಿನ ತುದಿಗೆ ಕೂಡಿಸುತ್ತದೆ. ಅಲ್ಲಿರುವ ಮುಷ್ಟಿಗಾತ್ರದ ಡಬ್ಬಿಗೆ ಎಲ್‌ಎನ್‌ಬಿ ಎನ್ನುತ್ತಾರೆ. ಅದು ಸಂಕೇತವನ್ನು ಬಲಪಡಿಸಿ, ಆವೃತ್ತಿಯನ್ನೂ ಇಳಿಸಿ ತಂತಿಯಲ್ಲಿ ಕಳುಹಿಸುತ್ತದೆ. ಇಳಿಸದೆ ಕಳುಹಿಸಿದರೆ ಮನೆಯೊಳಗೆ ಬರುವಷ್ಟರಲ್ಲಿ ತಂತಿಯೇ ಅದನ್ನು ನುಂಗಿಬಿಡುತ್ತದೆ.

ಇಲ್ಲೊಂದು ಒಗಟು. ಲೆಕ್ಕ ಹಾಕಿದರೆ ಕರ್ನಾಟಕದಿಂದ ಜಿಸ್ಯಾಟ್-15 ಕ್ಷಿತಿಜದಿಂದ 62ರಿಂದ 66 ಡಿಗ್ರಿ ಮೇಲಿರುತ್ತದೆ. ಆದರೆ ಡಿಶ್ ಅಷ್ಟೇನೂ ಮೇಲೆ ನೋಡುತ್ತಿರುವಂತೆ ಕಾಣುವುದಿಲ್ಲವಲ್ಲ! ಕಾರಣವೆಂದರೆ, ಅದು ಪೂರ್ತಿ ಬಟ್ಟಲಲ್ಲ. ದೊಡ್ಡ ಪರವಲಯದ ಅಂಚಿನ ಕಡೆಯಿಂದ ಕತ್ತರಿಸಿದ ತುಂಡು. ಹಾಗಾಗಿ ಅದರ ನಿಜವಾದ ದೃಷ್ಟಿ ನಮಗೆ ತೋರುವುದಕ್ಕಿಂತ ಸುಮಾರು 25 ಡಿಗ್ರಿ ಮೇಲಕ್ಕಿರುತ್ತದೆ. ಹೀಗೆ ಮಾಡಿದ್ದರಿಂದ ಎಲ್‌ಎನ್‌ಬಿ ಕೆಳಗೆ ಉಳಿಯುತ್ತದೆ, ಡಿಶ್‌ಗೆ ಬರುವ ತರಂಗಕ್ಕೆ ಅಡ್ಡವಾಗುವುದಿಲ್ಲ.

ಜೋರು ಮಳೆಯಲ್ಲಿ ಚಿತ್ರ ಹೋಗುವುದೇಕೆ? ಈ ತರಂಗಗಳ ತರಂಗದೂರ ಎರಡೂವರೆ ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ಅಷ್ಟು ಗಿಡ್ಡ ತರಂಗಗಳಿಗೆ ಕೆಲವು ಮಿಲಿಮೀಟರಿನ ಮಳೆಹನಿಯೂ ಲೆಕ್ಕಕ್ಕೆ ಬರುತ್ತದೆ. ಹನಿಗಳು ತರಂಗವನ್ನು ಸ್ವಲ್ಪ ಹೀರುತ್ತವೆ, ಸ್ವಲ್ಪ ಚೆದುರಿಸುತ್ತವೆ. ಸೈಟ್ ಪ್ರಯೋಗದ ಉದ್ದ ತರಂಗಗಳಿಗೆ ಮಳೆಯ ಕಾಟ ಇರಲಿಲ್ಲ, ಆದರೆ 3 ಮೀಟರಿನ ಡಿಶ್ ಬೇಕಾಗಿತ್ತು. ಚಿಕ್ಕ ಡಿಶ್ ಬೇಕೆಂದರೆ ಮಳೆಯನ್ನು ಸಹಿಸಿಕೊಳ್ಳಬೇಕು.

ಹಾಸನದ ಕಾವಲುಗಾರರು

ಭೂಸ್ಥಿರ ಉಪಗ್ರಹ ತಾನಾಗಿಯೇ ಒಂದೆಡೆ ನಿಲ್ಲುವುದಿಲ್ಲ. ಸೂರ್ಯ, ಚಂದ್ರರ ಸೆಳೆತ ಅದನ್ನು ಅತ್ತಿತ್ತ ಎಳೆಯುತ್ತಲೇ ಇರುತ್ತದೆ. ಅದನ್ನು ಹದ್ದುಬಸ್ತಿನಲ್ಲಿಡುವವರು ನಮ್ಮ ಹಾಸನದಲ್ಲಿದ್ದಾರೆ. ಅಲ್ಲಿನ ಇಸ್ರೋ ಪ್ರಧಾನ ನಿಯಂತ್ರಣ ಸೌಲಭ್ಯ 1982ರಲ್ಲಿ ಆರಂಭವಾಯಿತು. ಉಪಗ್ರಹ ಒಂದು ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ಸರಿಯಿತು ಎಂದರೆ ಅಲ್ಲಿ ಅದು ಸುಮಾರು 73 ಕಿಲೋಮೀಟರ್! ಅಷ್ಟರೊಳಗೆ ಎಂಜಿನಿಯರುಗಳು ಆಜ್ಞೆ ಕಳುಹಿಸಿ, ಅದರ ಪುಟ್ಟ ಎಂಜಿನುಗಳನ್ನು ಉರಿಸಿ, ಜಾಗಕ್ಕೆ ತರುತ್ತಾರೆ. ಪ್ರತಿ ಸಲವೂ ಒಂದಿಷ್ಟು ಇಂಧನ ಖರ್ಚು. ಎಲ್ಲ ಯಂತ್ರಗಳೂ ಚೆನ್ನಾಗಿದ್ದರೂ ಇಂಧನ ಮುಗಿದರೆ ಉಪಗ್ರಹದ ಆಯಸ್ಸೂ ಮುಗಿಯಿತು. ಆ ಮುನ್ನ ಕೊನೆಯ ಹನಿಗಳನ್ನು ಉಳಿಸಿಕೊಂಡು ಅದನ್ನು ದಾರಿಯಿಂದ ಆಚೆ ಸರಿಸಬೇಕು. ಇಲ್ಲವಾದರೆ ಮುಂದೆ ಬರುವ ಉಪಗ್ರಹಗಳಿಗೆ ಅಪಾಯ. ಇನ್ಸಾಟ್-4ಬಿಯನ್ನು 2022ರ ಜನವರಿಯಲ್ಲಿ ಹೀಗೆ ಸುಮಾರು 340 ಕಿಲೋಮೀಟರ್ ಮೇಲಕ್ಕೇರಿಸಿ, ನಂತರ ಶಾಶ್ವತವಾಗಿ ಆರಿಸಲಾಯಿತು. ನಮ್ಮ ಮನೆಗಳಿಗೆ ಎಷ್ಟೋ ವರ್ಷ ಚಿತ್ರ ತಂದ ಆ ಉಪಗ್ರಹ ಈಗಲೂ ಅಲ್ಲಿ ಸದ್ದಿಲ್ಲದೆ ಸುತ್ತುತ್ತಿದೆ.

ಹಾಗಾದರೆ ಹಣ ಕೊಡುವವರು ಯಾರು?

ಉಪಗ್ರಹ, ಭೂಕೇಂದ್ರ, ಎಂಜಿನಿಯರುಗಳು ಇವೆಲ್ಲಕ್ಕೂ ಖರ್ಚಿದೆ. ನೋಡುವವರು ಕೊಡದಿದ್ದರೆ ಬೇರೆ ಯಾರೋ ಕೊಡಲೇಬೇಕು. ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿ ಸಂಸ್ಥೆ ಫ್ರೀ ಡಿಶ್‌ನಲ್ಲಿ ಖಾಸಗಿ ವಾಹಿನಿಗಳಿಗೆ ಜಾಗವನ್ನು ಹರಾಜು ಹಾಕುತ್ತದೆ. ಸಂತೆಯ ಒಳ್ಳೆಯ ಕಟ್ಟೆಗೆ ಅಂಗಡಿಯವರು ಪೈಪೋಟಿ ನಡೆಸುವಂತೆ ವಾಹಿನಿಗಳೂ ಕೋಟಿಗಟ್ಟಲೆ ರೂಪಾಯಿ ಕೊಟ್ಟು ಜಾಗ ಹಿಡಿಯುತ್ತವೆ. ಆ ಹಣವನ್ನು ಅವು ಜಾಹೀರಾತಿನಿಂದ ಗಳಿಸುತ್ತವೆ. ಕೊನೆಗೆ, ಜಾಹೀರಾತಿನ ಸೋಪು ಕೊಳ್ಳುವ ನಾವೇ ಬೇರೊಂದು ದಾರಿಯಲ್ಲಿ ಕೊಟ್ಟಂತಾಯಿತು. ಈ ಹರಾಜಿನ ಇನ್ನೊಂದು ಫಲವೂ ಇದೆ. ಹೆಚ್ಚು ನೋಡುಗರಿರುವ ಭಾಷೆಗೆ ಹೆಚ್ಚು ಜಾಗ. ಆದ್ದರಿಂದ ಫ್ರೀ ಡಿಶ್‌ನಲ್ಲಿ ಹಿಂದಿ ವಾಹಿನಿಗಳೇ ತುಂಬಿವೆ. ಕನ್ನಡದ ಮನೆಗೆ ಮುಖ್ಯ ಆಸರೆ ಚಂದನವೇ. ಹಳೆಯ ಗೋಪುರಗಳ ಪ್ರಸಾರವೂ 2022ರ ಹೊತ್ತಿಗೆ ದೇಶದಲ್ಲಿ ಬಹುಮಟ್ಟಿಗೆ ನಿಂತಿರುವುದರಿಂದ, ಚಂದನಕ್ಕೆ ಈ ಡಿಶ್‌ನ ದಾರಿ ಮೊದಲಿಗಿಂತಲೂ ಮುಖ್ಯವಾಗಿದೆ.

ಮಾಡಿ ನೋಡಿ

ಕಣ್ಣಿಗೆ ಕಾಣದ ಜಿಸ್ಯಾಟ್-15 ಇರುವ ಜಾಗವನ್ನು ಒಂದು ಕೋಲಿನಿಂದ ಪತ್ತೆ ಮಾಡಬಹುದು. ಮಾರ್ಚ್ 15ರ ಆಸುಪಾಸಿನಲ್ಲಿ ಬೆಳಿಗ್ಗೆ 11 ಗಂಟೆ 15 ನಿಮಿಷಕ್ಕೆ, ಸೆಪ್ಟೆಂಬರ್ 29ರ ಆಸುಪಾಸಿನಲ್ಲಿ 11 ಗಂಟೆಗೆ 5 ನಿಮಿಷ ಇರುವಾಗ, ಕರ್ನಾಟಕದಿಂದ ನೋಡಿದರೆ ಸೂರ್ಯ ಸುಮಾರಾಗಿ ಈ ಉಪಗ್ರಹದ ಬೆನ್ನ ಹಿಂದೆಯೇ ಬರುತ್ತಾನೆ. ಆ ದಿನಗಳಲ್ಲಿ ಕೆಲವು ನಿಮಿಷ ಚಿತ್ರ ಕೆಡುವುದೂ ಉಂಟು. ಸೂರ್ಯ ಹೊಮ್ಮಿಸುವ ರೇಡಿಯೋ ತರಂಗಗಳ ಗದ್ದಲದಲ್ಲಿ ಉಪಗ್ರಹದ ದನಿ ಕೇಳುವುದಿಲ್ಲ.

ಶಾಲೆಯ ಅಂಗಳದಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ. ಹೇಳಿದ ಹೊತ್ತಿಗೆ ಅದರ ನೆರಳಿನ ತುದಿಗೆ ಒಂದು ಗೂಟ ಹೊಡೆಯಿರಿ. ನೆರಳು ವಾಯವ್ಯಕ್ಕೆ ಚಾಚಿ, ಅರ್ಧ ಮೀಟರಿನ ಆಸುಪಾಸು ಇರುತ್ತದೆ. ಗೂಟದ ಬುಡದಿಂದ ಕೋಲಿನ ತುದಿಗೆ ಒಂದು ದಾರವನ್ನು ಬಿಗಿಯಾಗಿ ಕಟ್ಟಿ. ಸೂರ್ಯನನ್ನು ಮಾತ್ರ ನೇರವಾಗಿ ನೋಡಬೇಡಿ, ಕಣ್ಣಿಗೆ ಅಪಾಯ. ಸೂರ್ಯ ಮುಂದೆ ಸರಿದ ಮೇಲೆ, ಸಂಜೆ ಬಂದು ದಾರದ ನೇರಕ್ಕೆ ಆಕಾಶವನ್ನು ನೋಡಿ. ಉಪಗ್ರಹ ಆಗಲೂ ಅಲ್ಲೇ ಇರುತ್ತದೆ. ಹತ್ತಿರದ ಮಾಳಿಗೆಯ ಫ್ರೀ ಡಿಶ್ ಯಾವ ಕಡೆ ತಿರುಗಿದೆ ಎಂಬುದನ್ನು ನಿಮ್ಮ ದಾರದೊಂದಿಗೆ ಹೋಲಿಸಿ.